ಅಪ್ಪನ ಬಹುತೇಕ, ನನ್ನ ಮೋಸ್ಟ್ಲಿ

ಮೊನ್ನೆ ನಳ ರಿಪೇರಿ ಮಾಡುವವನಿಗೆ ಫೋನ್ ಮಾಡಿ, ಯಾವಾಗ ಬರುತ್ತೀಯಪ್ಪ ಎಂದು ಕೇಳಿದೆ. "ಮೋಸ್ಟ್ಲಿ ಸಂಜೀಕ ಬರ್ತೀನ್ರಿ ಬಾಯಾರ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಬಹಳಷ್ಟು ಭಾಗ ಸಂಜೆಗೆ ಬರುತ್ತೀಯ ಸರಿ, ಉಳಿದ ಭಾಗ ಯಾವಾಗ ಬರುತ್ತದೆ ಎಂದು ಕೇಳಿದೆ. ಮುದುಕಿಗೆ ಅರಳುಮರಳು ಎಂದುಕೊಂಡನೋ ಏನೋ, "ಹೌದ್ರಿ, ಹೌದ್ರಿ" ಎಂದು ಫೋನ್ ಇಟ್ಟ. ಸಂಜೆಗೆ ಅವನ ಯಾವ ಭಾಗವೂ ಬರಲಿಲ್ಲ. ನಳ ಈಗಲೂ ಸೋರುತ್ತಿದೆ.

ಇಂಗ್ಲಿಷಿನಲ್ಲಿ ಎಷ್ಟೋ ಸಾವಿರ ಶಬ್ದಗಳಿವೆ. ಒಂದು ಶಬ್ದವನ್ನು ಹಿಡಿದುಕೊಂಡು ಈ ವಯಸ್ಸಿನಲ್ಲಿ ನಾನು ಹೀಗೆ ಜಗಳಕ್ಕೆ ನಿಲ್ಲಬಾರದು, ಗೊತ್ತು. ಆದರೆ ಈ ಮೋಸ್ಟ್ಲಿ ಎಂಬುದು ನನ್ನ ಜೀವ ತಿಂದಷ್ಟು ಯಾವ ಶಬ್ದವೂ ತಿಂದಿಲ್ಲ. ನಮ್ಮ ಕಡೆಯವರ ಬಾಯಲ್ಲಿ ಅದನ್ನು ಕೇಳಿದಾಗಲೆಲ್ಲ ನಾನು ಸೋಲಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ, ಎರಡು ಜಡೆ ಹಾಕಿಕೊಂಡು, ಬೆವರುತ್ತ ನಿಂತಿರುತ್ತೇನೆ.

ಮೊದಲು ಬಹುತೇಕದ ವಿಷಯ ಹೇಳಿಬಿಡುತ್ತೇನೆ. ಎಲ್ಲ ಗೊಂದಲದ ಬೇರು ಅಲ್ಲಿದೆ.

ಪುಸ್ತಕದ ಕನ್ನಡದಲ್ಲಿ ಬಹುತೇಕ ಎಂದರೆ ಹೆಚ್ಚಿನ ಪಾಲು. ಬಹುತೇಕ ಜನ ಬಂದಿದ್ದರು ಎಂದರೆ ಅರ್ಧಕ್ಕಿಂತ ಎಷ್ಟೋ ಹೆಚ್ಚು ಜನ ಬಂದಿದ್ದರು ಎಂದು. ಅಕ್ಕಲಕೋಟೆಯಲ್ಲಿ ಬೆಳೆದ ನಮಗೆ ಇದು ಯಾರಿಗೆ ಗೊತ್ತಿತ್ತು? ಮನೆಯಲ್ಲಿ ಆಡುವುದು ಕನ್ನಡ, ಸಾಲೆಯಲ್ಲಿ ಓದುವುದು ಮರಾಠಿ. ಮರಾಠಿಯ ಬಹುತೇಕ ಬೇರೆ. ಅದು ಆಗಬಹುದು, ಆಗಲಿಕ್ಕೂ ಸಾಕು, ನೋಡೋಣ ಎನ್ನುವ ಜಾತಿಯದು. ಆ ಬಹುತೇಕವೇ ನಮ್ಮ ಕನ್ನಡದೊಳಗೂ ಬಂದು ಕಾಲು ಚಾಚಿ ಕುಳಿತಿತ್ತು. ನಾನು ದೊಡ್ಡವಳಾದ ಮೇಲೆ ಮೊದಲ ಸಲ ಒಂದು ಕನ್ನಡ ಪತ್ರಿಕೆ ಓದಿದಾಗ, "ಸಭೆಯಲ್ಲಿದ್ದವರು ಬಹುತೇಕ ಶಿಕ್ಷಕರು" ಎಂದು ಬರೆದಿದ್ದರು. ವರದಿ ಬರೆದವನಿಗೇ ಅವರು ಶಿಕ್ಷಕರು ಹೌದೋ ಅಲ್ಲವೋ ಗೊತ್ತಿಲ್ಲ, ಹೋಗಿ ಕೇಳಬಾರದಿತ್ತೇ ಎಂದು ಬೈದುಕೊಂಡೆ.

ನಮ್ಮ ಅಪ್ಪ ಈ ಎರಡನೆಯ ಬಹುತೇಕದ ಸಾಹುಕಾರ. ಅಕ್ಕಲಕೋಟೆಯ ಪೇಟೆಯಲ್ಲಿ ಅವನದು ಬಟ್ಟೆ ಅಂಗಡಿ. ಸೋಲಾಪುರದಿಂದ ಚಾದರ, ಧೋತರ, ಸೀರೆ ತಂದು ಮಾರುತ್ತಿದ್ದ. ಅಂಗಡಿಯಲ್ಲಿ ಕುಳಿತವನು ಇಲ್ಲ ಎಂಬ ಮಾತು ಆಡಬಾರದು ಎಂದು ಅವನಿಗೆ ಅವನ ಅಪ್ಪ ಹೇಳಿದ್ದನಂತೆ. ಇಲ್ಲ ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಗಿರಾಕಿ ಕೇಳಿದ ಮಾಲು ಇರದಿದ್ದರೆ "ಬರೂದದ" ಅನ್ನಬೇಕು, "ಬಹುತೇಕ ಮುಂದಿನ ಸಂತಿಗೆ ಬರ್ತದ" ಅನ್ನಬೇಕು. ಇದು ಅಂಗಡಿಯಲ್ಲಿ ಸರಿ. ಅಪ್ಪ ಅಂಗಡಿಯ ಬಾಗಿಲು ಹಾಕಿ ಬರುವಾಗ ಈ ರೂಢಿಯನ್ನೂ ಅಲ್ಲೇ ಹಾಕಿ ಬರಬೇಕಿತ್ತು. ಹೆಗಲ ಮೇಲೆ ಹಾಕಿಕೊಂಡು ಮನೆಗೆ ತರುತ್ತಿದ್ದ.

ಕರಜಗಿಯ ಒಬ್ಬ ಕುರುಬ ನಮ್ಮ ಖಾಯಂ ಗಿರಾಕಿ. ಕುರಿ ಮಾರಿದ ವಾರ ಅಂಗಡಿಗೆ ಬರುವವನು. ಕೆಂಪಂಚಿನ ರುಮಾಲು ಬೇಕೆಂದು ಕೇಳಿದ್ದ. ಅಪ್ಪ ಬಹುತೇಕ ಅಂದ. ಸಂತೆಯಿಂದ ಸಂತೆಗೆ ಬಂದು ಕೇಳಿ ಕೇಳಿ ಸಾಕಾಗಿ ಒಂದು ದಿನ ಅವನು, "ಸಾವ್ಕಾರ್ರ, ನಮ್ಮ ಬೀರಪ್ಪನ ಗುಡ್ಯಾಗ ಹೂವಿನ ಪ್ರಸಾದ ಕೇಳಿದ್ರ ಬಲಕ್ಕರೆ ಬೀಳ್ತದ, ಎಡಕ್ಕರೆ ಬೀಳ್ತದ. ನಿಮ್ಮ ಹೂವು ದೇವರ ತಲಿ ಮ್ಯಾಲೇ ಕುಂತದಲ್ರಿ" ಅಂದ. ಅಪ್ಪ ನಕ್ಕು, ಅವನಿಗೆ ಚಹಾ ಹೇಳಿ, ಹಸಿರಂಚಿನದನ್ನು ಮಾರಿದ.

ಅವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವ್ವನ ತವರು ಕಂದಲಗಾಂವ. ದೂರವೇನೂ ಅಲ್ಲ. "ಬಹುತೇಕ ಐತವಾರ ಕಂದಲಗಾಂವಕ್ಕ ಹೋಗೂಣು" ಎಂದು ಅಪ್ಪ ಅಂದರೆ ಅವ್ವ ಶನಿವಾರವೇ ಕಡಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟುವಳು. ಐತವಾರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತುಕೊಳ್ಳುವಳು. ಮಧ್ಯಾಹ್ನಕ್ಕೆ ಅಪ್ಪ ಬಂದು, "ಇವತ್ತ ಬಹುತೇಕ ಆಗೂದಿಲ್ಲ ಅನಸ್ತದ" ಅನ್ನುವನು. ಅವ್ವ ಗಂಟು ಬಿಚ್ಚಿ, ಅದೇ ರೊಟ್ಟಿಯನ್ನು ಅವನ ತಾಟಿಗೆ ಹಾಕಿ, "ಕಂದಲಗಾಂವದಾಗ ಉಣ್ಣೂ ರೊಟ್ಟಿ ಇಲ್ಲೇ ಉಣ್ರಿ" ಅನ್ನುವಳು. ಅಪ್ಪ ತಲೆ ಬಗ್ಗಿಸಿ ಉಣ್ಣುವನು. ಚಟ್ನಿ ಛಲೋ ಆಗಿದೆ ಎಂದು ಬೇರೆ ಹೇಳುವನು. ಅಂಥ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಅವ್ವನ ಮುಖ ನೋಡುತ್ತಿರಲಿಲ್ಲ.

ನನಗೆ ಇಂಗ್ಲಿಷ್ ಶುರುವಾದದ್ದು ಎಂಟನೆಯ ಇಯತ್ತೆಯಲ್ಲಿ. ನಮ್ಮ ಇಂಗ್ಲಿಷ್ ಮಾಸ್ತರರು ಮನೆಯಲ್ಲಿ ಕನ್ನಡ, ವರ್ಗದಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಕಲಿಸುವುದರಲ್ಲಿ ಅವರದೊಂದು ಪದ್ಧತಿ. ಒಂದು ಇಂಗ್ಲಿಷ್ ಶಬ್ದಕ್ಕೆ ಒಂದೇ ನಮ್ಮ ಶಬ್ದ, ಒಂದು ಗೂಟಕ್ಕೆ ಒಂದು ಟೊಪ್ಪಿಗೆ ಸಿಗಿಸಿದ ಹಾಗೆ. ಎರಡನೆಯ ಅರ್ಥ ಕೇಳಿದರೆ ಗದರಿಸುತ್ತಿದ್ದರು. ಒಂದು ದಿನ ಕಪ್ಪು ಫಳಿಯ ಮೇಲೆ ಬರೆದು, "ಮೋಸ್ಟ್ಲಿ ಮ್ಹಣಜೇ ಬಹುತೇಕ" ಎಂದು ಮರಾಠಿಯಲ್ಲಿ ಅರ್ಥ ಹೇಳಿದರು. ನಾವೆಲ್ಲ ರಾಗವಾಗಿ ಹೇಳಿದೆವು. ಉದಾಹರಣೆಗೆ, ಇವತ್ತು ಬಹುತೇಕ ಮಳೆ ಬರುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಮಾಡಿಸಿದರು. ಮೋಸ್ಟ್ಲಿ ಇಟ್ ವಿಲ್ ರೇನ್ ಟುಡೇ. ಹೊರಗೆ ಬಿಸಿಲು ಕಾಯುತ್ತಿತ್ತು. ಮಳೆಯ ಸುಳಿವೂ ಇರಲಿಲ್ಲ, ಇಂಗ್ಲಿಷಿನ ಸುಳಿವೂ ಇರಲಿಲ್ಲ. ಆಗ ಯಾರಿಗೆ ತಿಳಿಯಬೇಕು.

ನನಗೆ ಆ ಶಬ್ದ ಬಹಳ ಹಿಡಿಸಿತು. ಅಪ್ಪನ ಮಾತೇ ಕೋಟು ಬೂಟು ಹಾಕಿಕೊಂಡು ಎದುರಿಗೆ ಬಂದು ನಿಂತಂತಾಯಿತು. ಆವತ್ತು ಸಂಜೆಯೇ ಅವನಿಗೆ ಹೇಳಿದೆ.

ಸಂಜೆ ಎಂದರೆ ಅದಕ್ಕೊಂದು ಕ್ರಮವಿತ್ತು. ಅಪ್ಪ ಅಂಗಡಿ ಮುಚ್ಚಿ ಬಂದು ಹೊಸ್ತಿಲಲ್ಲಿ ನಿಂತು ಕೆಮ್ಮುವನು. ನಾನು ತಂಬಿಗೆಯಲ್ಲಿ ನೀರು ಒಯ್ಯಬೇಕು. ಅವನು ಕೈಕಾಲು ತೊಳೆದು ಕಂಬಕ್ಕೆ ಆನಿಕೊಂಡು ಕುಳಿತ ಮೇಲೆ ನಾನು ಮರಾಠಿ ಪೇಪರ್ ಓದಿ ಹೇಳಬೇಕು. ಸಣ್ಣ ಅಕ್ಷರ ಅವನ ಕಣ್ಣಿಗೆ ಹತ್ತುತ್ತಿರಲಿಲ್ಲ. ನನಗೆ ಈ ಕೆಲಸ ಎಂದರೆ ಬೇಸರ. ಒಂದು ಸಾಲು ಓದಿದರೆ ಅವನದು ಮೂರು ಸಾಲು ಟೀಕೆ. ಆಗ ರಾಜ್ಯಗಳನ್ನು ಭಾಷೆಯ ಮೇಲೆ ಹಂಚುವ ಮಾತು ನಡೆದಿತ್ತು. ಅಕ್ಕಲಕೋಟೆ ಕನ್ನಡದವರ ಕಡೆ ಹೋಗುತ್ತದೋ, ಮರಾಠಿಯವರ ಕಡೆ ಉಳಿಯುತ್ತದೋ ಎಂದು ಊರಿಗೆ ಊರೇ ಕೇಳುತ್ತಿತ್ತು. ಅಪ್ಪ ಕನ್ನಡದ ಗಿರಾಕಿಗೆ "ಬಹುತೇಕ ಆ ಕಡೆ" ಅನ್ನುತ್ತಿದ್ದ, ಮರಾಠಿ ಗಿರಾಕಿಗೆ "ಬಹುತೇಕ ಇಕಡೇಚ", ಈ ಕಡೆಯೇ, ಅನ್ನುತ್ತಿದ್ದ. ಇಬ್ಬರೂ ಖುಷಿಯಾಗಿ ಬಟ್ಟೆ ಕೊಂಡು ಹೋಗುತ್ತಿದ್ದರು.

"ಅಪ್ಪಾ, ನಿಮ್ಮ ಬಹುತೇಕಕ್ಕ ಇಂಗ್ಲಿಷ್‌ನ್ಯಾಗ ಮೋಸ್ಟ್ಲಿ ಅಂತಾರ" ಅಂದೆ.

ಅವನು ಎರಡು ಮೂರು ಸಲ ಬಾಯಲ್ಲಿ ಆಡಿಸಿ ನೋಡಿ, "ಮೋಸ್ಟ್ಲಿ. ಛಲೋ ಅದ ಶಬ್ದ" ಅಂದ.

ಒಳಗಿನಿಂದ ಅವ್ವ, "ಒಂದ ಇತ್ತು, ಸಾಲಲಿಲ್ಲ. ಈಗ ಎರಡಾದ್ವು" ಅಂದಳು.

ಮ್ಯಾಟ್ರಿಕ್ ಪಾಸಾದೆ. ಮಾರ್ಕು ಚೆನ್ನಾಗಿಯೇ ಬಂದವು. ಸೋಲಾಪುರದ ಕಾಲೇಜಿಗೆ ಹೋಗಬೇಕೆಂದು ನನಗೆ ಹಟ. ನಮ್ಮ ಓಣಿಯ ಹುಡುಗಿಯರಲ್ಲಿ ಯಾರೂ ಅಲ್ಲಿಯವರೆಗೆ ಹೋದವರಿರಲಿಲ್ಲ. ಮ್ಯಾಟ್ರಿಕ್ ಆದರೆ ಮದುವೆ, ಆಗದಿದ್ದರೂ ಮದುವೆ. ಈ ವರ್ಷ ಮನೆಯಲ್ಲಿ ಕುಳಿತರೆ ಮುಂದಿನ ವರ್ಷ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ ಎಂಬುದು ನನಗೆ ಸೂರ್ಯನಷ್ಟು ಸ್ಪಷ್ಟವಿತ್ತು. ಅವ್ವ ನನ್ನ ಪರ. ತಾನು ಕಟ್ಟಿದ ಗಂಟು ತಾನೇ ಬಿಚ್ಚಿದವಳಿಗೆ ಮಗಳ ಗಂಟು ಬಿಚ್ಚುವುದು ಬೇಡವಾಗಿತ್ತು.

ಅಪ್ಪನನ್ನು ಕೇಳಿದೆವು. "ಬಹುತೇಕ ಹೋಗಲಂತ" ಅಂದ. ಅವ್ವ, "ಅಂದ್ರ ಹೋಗಲೇನು?" ಅಂದಳು. "ಅದನ್ನ ಹೇಳಾಕತ್ತೀನಲ್ಲ, ಬಹುತೇಕ" ಅಂದ. ಅಪ್ಪನ ತಂಗಿ, ನನ್ನ ಅತ್ತಿ, ಸೋಲಾಪುರದಲ್ಲೇ ಇದ್ದಳು. ಅವಳ ಮನೆಯಲ್ಲಿ ಇರಬಹುದಲ್ಲ ಎಂದೆ. "ಬಹುತೇಕ ಅಲ್ಲೇ ಇರಬೇಕಾಗ್ತದ" ಅಂದ. ಒಂದು ಕಡೆಯಿಂದಲೂ ಹಿಡಿತಕ್ಕೆ ಸಿಗದ ಮನುಷ್ಯ. ನಾನು ಅದನ್ನೇ ಒಪ್ಪಿಗೆ ಎಂದು ತಿಳಿದು, ಸಾಮಾನು ತರಲು ಸೋಲಾಪುರಕ್ಕೆ ಹೊರಟ ಅಪ್ಪನ ಜೊತೆ ಎಸ್‌ಟಿ ಮೋಟಾರು ಹತ್ತಿದೆ. ಸೋಲಾಪುರದಲ್ಲಿ ನನ್ನನ್ನು ಅತ್ತಿಯ ಮನೆಗೆ ಬಿಟ್ಟು ಅವನು ಪೇಟೆಯ ದಾರಿ ಹಿಡಿದ. ಅತ್ತಿ ನನ್ನನ್ನು ಕಾಲೇಜಿಗೆ ಕರೆದೊಯ್ದು, ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಳು.

ಹುಡುಗಿಯರ ಪ್ರವೇಶ ನೋಡುತ್ತಿದ್ದವರು ಮದ್ರಾಸ್ ಕಡೆಯ ಒಬ್ಬ ಮೇಡಂ. ಹೊಸದಾಗಿ ಬಂದಿದ್ದರು. ಕನ್ನಡ ಬಾರದು, ಮರಾಠಿ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಎಲ್ಲ ಮಾತೂ ಇಂಗ್ಲಿಷಿನಲ್ಲೇ. ಮುಖ ಗಂಭೀರ, ಸೀರೆಯ ನೆರಿಗೆ ಇಸ್ತ್ರಿ ಮಾಡಿಟ್ಟ ಹಾಗೆ. ನನ್ನ ಮಾರ್ಕು ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದರು. ನನ್ನ ಎದೆ ಉಬ್ಬಿತು. ಆಮೇಲೆ ಕೇಳಿದರು, ನಿನ್ನ ತಂದೆಯ ಒಪ್ಪಿಗೆ ಇದೆಯೇ?

ಸುಳ್ಳು ಹೇಳಬಾರದೆಂದು ನನ್ನ ನಿಷ್ಠೆ. ಅಪ್ಪ ಹೇಳಿದ್ದನ್ನೇ ಹೇಳಿದೆ.

"ಮೋಸ್ಟ್ಲಿ, ಮೇಡಂ."

ಅವರ ಪೆನ್ನು ನಿಂತಿತು. ಮೋಸ್ಟ್ಲಿ? ಹಾಗಾದರೆ ಯಾವುದಕ್ಕೆ ಒಪ್ಪಿಗೆ ಇಲ್ಲ?

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಆಗಬಹುದು ಎಂದು ಹೇಳಿದವಳನ್ನು ಯಾವುದು ಅಲ್ಲ ಎಂದು ಯಾರಾದರೂ ಕೇಳುತ್ತಾರೆಯೇ? ಜಡೆಯ ತುದಿ ತಿರುವಿದೆ. ಅವರು ಮುಂದಿನ ಪ್ರಶ್ನೆಗೆ ಹೋದರು. ಸೋಲಾಪುರದಲ್ಲಿ ಅತ್ತೆಯ ಮನೆಯಲ್ಲಿ ಇರುತ್ತೀ ಎಂದು ಬರೆದಿದ್ದೀಯಲ್ಲ, ನಿಜವೇ?

"ಮೋಸ್ಟ್ಲಿ, ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉಳಿದ ದಿನಗಳಲ್ಲಿ ಎಲ್ಲಿರುತ್ತೀ?

ಇದು ಮಾತ್ರ ಸರಿಯಾಗಿ ತಿಳಿಯಿತು ಎಂದುಕೊಂಡೆ. ಅತ್ತಿಯ ಮನೆ ಆಗದೆ ಹೋದರೆ ಮುಂದೇನು ಎಂದು ಕೇಳುತ್ತಿದ್ದಾರೆ. ವ್ಯಾಕರಣವೆಲ್ಲ ನೆನೆದು, ಪೂರ್ತಿ ಆತ್ಮವಿಶ್ವಾಸದಿಂದ ಹೇಳಿದೆ: "ನಾಟ್ ಯೆಟ್ ಡಿಸೈಡೆಡ್, ಮೇಡಂ."

ಹದಿಹರೆಯದ ಹುಡುಗಿ, ಪರ ಊರು, ಹೆಚ್ಚಿನ ದಿನ ಅತ್ತೆಯ ಮನೆಯಲ್ಲಿ ಇರುತ್ತಾಳಂತೆ, ಉಳಿದ ದಿನ ಎಲ್ಲಿ ಎಂದು ಇನ್ನೂ ನಿಶ್ಚಯವಾಗಿಲ್ಲವಂತೆ. ಆ ಮೇಡಂ ಮುಖ ಹೇಗೆ ಕೆಂಪಾಯಿತು ಎಂಬುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಅರ್ಜಿಯನ್ನು ಮಡಚಿ ಬದಿಗಿಟ್ಟರು. ನಿನ್ನ ತಂದೆಯನ್ನು ಕರೆದುಕೊಂಡು ಬಾ, ಅವರ ಬಾಯಿಂದಲೇ ನಾನು ಕೇಳಬೇಕು, ಶನಿವಾರಕ್ಕೆ ಪ್ರವೇಶ ಮುಗಿಯುತ್ತದೆ ಎಂದರು. ಹೊರಗೆ ಬಂದು ಅತ್ತಿಗೆ ನಡೆದದ್ದನ್ನು ಹೇಳಿದೆ. ಅವಳಿಗೆ ತಿಳಿದದ್ದು ಒಂದೇ. "ನನ್ನ ಮನಿ ಇರೂವಾಗ, ನೀ ಬ್ಯಾರೆ ಎಲ್ಲಿ ಇರ್ತಿ ಅಂತ ಆ ಹೆಣಮಗಳು ಯಾಕ ಕೇಳಬೇಕು?" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಊರಿಗೆ ಬಂದವಳೇ ಇಂಗ್ಲಿಷ್ ಮಾಸ್ತರರ ಮನೆಗೆ ಹೋದೆ. ನಡೆದದ್ದನ್ನು ಕೇಳಿ ಅವರು ಗಾಬರಿಯಾಗಿ ಗೂಡಿನಿಂದ ಡಿಕ್ಷನರಿ ತೆಗೆದರು. ಧೂಳು ಝಾಡಿಸಿದರು. ಬೆರಳು ಇಟ್ಟು ಓದಿದರು. ಇನ್ನೊಮ್ಮೆ ಓದಿದರು. ಮೋಸ್ಟ್ಲಿ ಎಂದರೆ ಹೆಚ್ಚಿನ ಪಾಲು, ಹೆಚ್ಚಿನ ಹೊತ್ತು. ಆಗಬಹುದು ಎಂಬುದು ಅಲ್ಲಿ ಎಲ್ಲಿಯೂ ಇರಲಿಲ್ಲ. ಅದಕ್ಕೆ ಬೇರೆಯೇ ಶಬ್ದ, ಪ್ರಾಬಬ್ಲಿ. ನಾಲ್ಕು ವರ್ಷ ಅವರ ಬಾಯಿಂದ ಕೇಳಿಯೇ ಇರದ ಶಬ್ದ ಅದು. ಅಂದರೆ ಇಂಗ್ಲಿಷಿನವರ ಮೋಸ್ಟ್ಲಿ ಅಳತೆಯ ಮಾತು, ನಮ್ಮ ಬಹುತೇಕ ಅಂದಾಜಿನ ಮಾತು. ಗಜಕಡ್ಡಿ ಹಿಡಿದು ಅಳೆದು ಕೊಡುವವರ ಮುಂದೆ ನಾನು ಆಕಾಶ ನೋಡಿ ಮಳೆ ಹೇಳುತ್ತ ನಿಂತಿದ್ದೆ.

ಮಾಸ್ತರರು ಡಿಕ್ಷನರಿ ಮುಚ್ಚಿ, "ಇದು ಲಂಡನ್‌ದಾಗ ಛಾಪಿಸಿದ್ದು. ಅವ್ರಿಗೆ ನಮ್ಮ ಬಹುತೇಕ ಹ್ಯಾಂಗ ಗೊತ್ತಾಗ್ಬೇಕು?" ಎಂದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಸರ್, ಶನಿವಾರಕ್ಕ ಮುಗೀತದ್ರಿ" ಎಂದೆ.

"ಹಂಗಾದ್ರ ನಿಮ್ಮ ಅಪ್ಪಾರನ್ನ ಕರಕೊಂಡು ಹೋಗವ್ವ. ಬಹುತೇಕ ಎಲ್ಲಾ ಸರಿ ಆಗ್ತದ" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಅಪ್ಪ ಬಹುತೇಕ ಬುಧವಾರ ಹೋಗೋಣ ಎಂದ. ಬುಧವಾರ ಅಂಗಡಿಗೆ ಚಾದರದ ಗಂಟುಗಳು ಬಂದವು. ಬಹುತೇಕ ನಾಳೆ ಎಂದ. ಆ ನಾಳೆಗೆ ಯಾರೋ ಬೀಗರು ಬಂದರು. ನಾನು ಊಟ ಬಿಟ್ಟೆ, ಮಾತು ಬಿಟ್ಟೆ, ಪೇಪರ್ ಓದುವುದನ್ನೂ ಬಿಟ್ಟೆ. ಸಂಜೆ ಅವನು ಹೊಸ್ತಿಲಲ್ಲಿ ನಿಂತು ಕೆಮ್ಮಿದರೆ ನಾನು ಅಡುಗೆಮನೆಯಿಂದ ಏಳಲಿಲ್ಲ. ಅವನು ತಾನೇ ತಂಬಿಗೆ ತುಂಬಿಕೊಂಡು, ಪೇಪರನ್ನು ದೂರ ಹಿಡಿದು, ಹತ್ತಿರ ಹಿಡಿದು, ಮಡಚಿಟ್ಟ. ಒಂದು ಮಾತು ಕೇಳಲಿಲ್ಲ. ಆ ಮೌನಕ್ಕೂ ನನಗೆ ಸಿಟ್ಟೇ ಬಂತು. ಬೈಯಲಿ, ಬೇಡ ಎನ್ನಲಿ, ಕಾಲೇಜೂ ಇಲ್ಲ ಗೀಲೇಜೂ ಇಲ್ಲ ಎನ್ನಲಿ. ಬಾಗಿಲು ಹಾಕಿದ್ದಾರೆ ಎಂದಾದರೂ ತಿಳಿಯುತ್ತದೆ. ಅರ್ಧ ತೆರೆದ ಬಾಗಿಲ ಮುಂದೆ ಎಷ್ಟು ದಿನ ನಿಲ್ಲುವುದು?

ಶುಕ್ರವಾರ ಬೆಳಿಗ್ಗೆ ಅವ್ವ ಒಲೆ ಆರಿಸಿ, ಸೆರಗು ಹೊದ್ದು, "ನಡಿ" ಎಂದಳು. ಸೀದಾ ಪೇಟೆಗೆ ಹೋದಳು. ನಮ್ಮ ಕಡೆ ಆಗ ಸಾವ್ಕಾರನ ಹೆಂಡತಿ ವ್ಯಾಪಾರದ ಹೊತ್ತಿನಲ್ಲಿ ಅಂಗಡಿಗೆ ಕಾಲಿಡುವುದು ಎಂದರೆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಅಪ್ಪ ಗಾದಿಯಿಂದ ಅರ್ಧ ಎದ್ದುಬಿಟ್ಟ. ಅವ್ವ ಬಾಗಿಲಲ್ಲೇ, ಗಿರಾಕಿಗಳು ಕೂರುವ ಕಡೆ, ಕುಳಿತಳು. ಕರಜಗಿಯ ಕುರುಬ ಆವತ್ತೂ ಬಂದಿದ್ದ. ಎದ್ದು ಬದಿಗೆ ಸರಿದು ನಿಂತ.

"ಏನಾತು?" ಎಂದ ಅಪ್ಪ.

"ಏನಿಲ್ರಿ. ಒಂದ ಮಾಲು ಬೇಕಾಗೇದ. ಬಟ್ಟಿ ಬ್ಯಾಡ, ಮಾತ ಬೇಕು. ನಾಳೆ ಸೋಲಾಪುರಕ್ಕ ಬರ್ತೀರೋ, ಬರೂದಿಲ್ಲೋ?"

ಅಪ್ಪನ ಬಾಯಿ ತೆರೆಯಿತು. "ಬಹು" ಎನ್ನುವಷ್ಟರಲ್ಲಿ ಕುರುಬ ಕೈ ಮುಗಿದು, "ಸಾವ್ಕಾರ್ರ, ನನಗ ಅನ್ರಿ, ನಡೀತದ. ಅವ್ವಾರಿಗೆ ಅನಬ್ಯಾಡ್ರಿ" ಎಂದ.

ಅಪ್ಪ ಆ ಮಾತಿನ ಉಳಿದ ಅರ್ಧವನ್ನು ನುಂಗಿಕೊಂಡ. "ಬರ್ತೀನಿ" ಎಂದ.

ಶನಿವಾರ ಮೂವರೂ ಎಸ್‌ಟಿಯಲ್ಲಿ ಹೋದೆವು. ಅಪ್ಪ ಮದುವೆಗೆ ಹಾಕುವ ಕೋಟು ಹಾಕಿ, ರುಮಾಲು ಸುತ್ತಿದ್ದ. ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದ. ಇಳಿಯುವ ಮೊದಲು ಮಾತ್ರ, "ಆ ಬಾಯಾರಿಗೆ ಮರಾಠಿ ಬರ್ತದೇನು?" ಎಂದು ಕೇಳಿದ. ಬರುವುದಿಲ್ಲ, ನಾನೇ ಹೇಳಬೇಕು ಎಂದೆ. ಅದನ್ನು ಕೇಳಿ ಅವನಿಗೆ ಸಮಾಧಾನವಾಯಿತೋ, ಇನ್ನಷ್ಟು ಕಷ್ಟವಾಯಿತೋ, ಮುಖ ನೋಡಿ ತಿಳಿಯಲಿಲ್ಲ.

ಮೇಡಂ ಎದ್ದು ನಮಸ್ಕಾರ ಮಾಡಿದರು. ಅಪ್ಪನಿಗೆ ಕುರ್ಚಿ ಕೊಟ್ಟರು. ಅವ್ವ ಕೂರಲಿಲ್ಲ, ಬಾಗಿಲ ಹತ್ತಿರ ನಿಂತಳು, ಅಪ್ಪ ಎದ್ದು ಓಡಿದರೆ ಹಿಡಿಯುವವಳ ಹಾಗೆ. ಮಗಳು ಇಲ್ಲಿ ನಾಲ್ಕು ವರ್ಷ ಓದಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳು ಅಂದರು ಮೇಡಂ.

"ಅಪ್ಪಾ, ನಾ ನಾಕ ವರ್ಷ ಇಲ್ಲಿ ಓದಾಕ ನಿಮ್ಮ ಒಪ್ಪಿಗಿ ಅದ ಏನು ಅಂತ ಕೇಳಾಕತ್ತಾರ."

ಅಪ್ಪ ಮೇಜು ನೋಡಿದ. ಕಿಟಕಿ ನೋಡಿದ. ಅಲ್ಲಿ ಕಾಣುವ ಬೇವಿನ ಗಿಡ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ.

"ಬಹುತೇಕ."

ಅವ್ವನ ಬಳೆ ಸದ್ದಾಯಿತು. ನನಗೆ ನೆತ್ತಿಗೆ ರಕ್ತ ಏರಿತು. ಇಷ್ಟು ಮಾಡಿ, ಇಲ್ಲಿಯ ತನಕ ಬಂದು, ಮತ್ತೆ ಅದೇ. ಮೇಡಂ ನನ್ನ ಕಡೆ ನೋಡುತ್ತಿದ್ದರು. ಈಗ ನನ್ನ ಹತ್ತಿರ ಎರಡು ಶಬ್ದಗಳಿದ್ದವು. ಪ್ರಾಬಬ್ಲಿ ಎಂದರೆ ಅಪ್ಪ ಹೇಳಿದ್ದು ಅದೇ ಆಗುತ್ತಿತ್ತು, ಅಲ್ಲಿಗೆ ನನ್ನ ಕಾಲೇಜು ಮುಗಿಯುತ್ತಿತ್ತು. ಯೆಸ್ ಎಂದುಬಿಡಬಹುದಿತ್ತು. ಆದರೆ ನನಗೆ ಆಗ ಬಂದ ಸಿಟ್ಟಿಗೆ ಅದು ಸಾಲದು. ಇವನನ್ನು ಇವತ್ತು ಬಿಡಬಾರದು ಎನಿಸಿತು. ಮೇಡಂ ಮುಂದೆ ಏನು ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ಮೋಸ್ಟ್ಲಿ, ಮೇಡಂ."

ಹಾಗಾದರೆ ಯಾವುದಕ್ಕೆ ಒಪ್ಪಿಗೆ ಇಲ್ಲ ಎಂದು ಕೇಳು, ಎಂದರು ಅವರು.

ನಾನು ಅಪ್ಪನ ಕಡೆ ತಿರುಗಿ ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. "ಅಪ್ಪಾ, ಹಂಗಾದ್ರ ಯಾವುದಕ್ಕ ಒಪ್ಪಿಗಿ ಇಲ್ಲ ಅಂತ ಕೇಳಾಕತ್ತಾರ."

ಈ ಪ್ರಶ್ನೆಯನ್ನು ಅಪ್ಪನಿಗೆ ಅವನ ಆಯುಷ್ಯದಲ್ಲಿ ಯಾರೂ ಕೇಳಿರಲಿಲ್ಲ. ಹೌದೋ ಅಲ್ಲವೋ ಎಂದು ನಾವೆಲ್ಲ ಕೇಳಿದ್ದೆವು. ಅದರ ನಡುವೆ ನುಸುಳಿಕೊಂಡು ಹೋಗುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಇದಕ್ಕೆ ನುಸುಳುವ ಜಾಗ ಸಿಗಲಿಲ್ಲ. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಣೆಯ ಮೇಲೆ ಅದು ಒತ್ತಿದ ಗೆರೆ ಇತ್ತು.

"ಕಲಿಯೂದಕ್ಕ ಒಪ್ಪಿಗಿ ಅದ" ಎಂದ. ಅಂಗಡಿಯಲ್ಲಿ ಸೀರೆ ಒಂದೊಂದಾಗಿ ಮಡಚಿ ಇಡುವ ಹಾಗೆ ಹೇಳುತ್ತಿದ್ದ. "ತಂಗಿ ಮನ್ಯಾಗ ಇರೂದಕ್ಕ ಅದ. ಕಲಿಯೂ ತನ ಮದವಿ ಮಾತ ತಗಿಯೂದು ಬ್ಯಾಡಂದ್ರ ಅದಕ್ಕೂ ಅದ." ಅಲ್ಲಿಗೆ ನಿಲ್ಲಿಸಿದ.

"ಮತ್ತ?" ಎಂದಳು ಅವ್ವ ಬಾಗಿಲಿನಿಂದ.

ಅವನು ಅವ್ವನ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಭಾಷೆ ತಿಳಿಯದ ಆ ಮೇಡಂ ಮುಖವನ್ನೇ ನೋಡಿ ಹೇಳಿದ. "ಸಂಜೀಕ ಅಂಗಡಿ ಮುಚ್ಚಿ ಮನಿಗೆ ಬಂದ್ರ ಇಕಿ ಇರೂದಿಲ್ಲ. ಅದೊಂದಕ್ಕ ಇಲ್ಲ."

ಇಲ್ಲ ಎಂದ. ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಇಷ್ಟು ವರ್ಷ ಬಾಯಲ್ಲಿ ತಡೆದು ಹಿಡಿದ ಶಬ್ದ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹೊಸ್ತಿಲಲ್ಲಿ ಕೆಮ್ಮಿ ನಿಂತವನ ಮುಂದೆ ನಾನು ತಂಬಿಗೆ ತರದೆ ಕುಳಿತ ಆ ಸಂಜೆಗಳು ಕಣ್ಣ ಮುಂದೆ ಬಂದವು. ಅವನು ಆಗಲೇ ಅಭ್ಯಾಸ ಮಾಡಿಕೊಳ್ಳುತ್ತಿದ್ದ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟ ಹೇಳಾಕ ಇಷ್ಟ ದಿನ ಬೇಕಾದ್ವೇನ್ರಿ ನಿಮಗ?" ಎಂದಳು. ಅಪ್ಪ ರುಮಾಲಿನ ಅಂಚು ಸರಿಮಾಡುತ್ತ ಕುಳಿತ.

ಏನು ಹೇಳಿದರು ಎಂದು ಮೇಡಂ ನನ್ನನ್ನು ಕೇಳಿದರು. ನಾನು ಬಾಯಿ ತೆರೆದೆ. ಮಾಸ್ತರರು ಕಲಿಸಿದ ಶಬ್ದಗಳನ್ನೆಲ್ಲ ತಡಕಾಡಿದೆ. ಅಂಗಡಿ ಗೊತ್ತಿತ್ತು, ಸಂಜೆ ಗೊತ್ತಿತ್ತು, ಮನೆ ಗೊತ್ತಿತ್ತು. ಅವನ್ನು ಜೋಡಿಸಿ ಅಪ್ಪ ಹೇಳಿದ್ದನ್ನು ಮಾಡುವಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಈಗಲೂ ಬರುತ್ತದೆ ಎಂದು ಹೇಳಲಾರೆ.

"ಅವರ ಒಪ್ಪಿಗೆ ಇದೆ, ಮೇಡಂ" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ.

"ಕಂಪ್ಲೀಟ್ಲಿ?" ಎಂದು ಕೇಳಿದರು.

ನಾನು ಅಪ್ಪನನ್ನು ನೋಡಿದೆ. ಅವನು ಕಿಟಕಿಯ ಕಡೆ ತಿರುಗಿಕೊಂಡಿದ್ದ.

"ಮೋಸ್ಟ್ಲಿ, ಮೇಡಂ" ಎಂದೆ.

ಅವರು ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೇನೂ ಕೇಳದೆ ನನ್ನ ಅರ್ಜಿ ಬಿಡಿಸಿ ಸಹಿ ಮಾಡಿದರು.